ಒಂದು ಗುಂಜಿ ಕಡಿಮೆ

ಸುರಪುರಕ್ಕೆ ಹೊಂದಿಕೊಂಡಿರುವ ರಂಗಂಪೇಟೆಯಲ್ಲಿ, ಮಧ್ಯಾಹ್ನದ ಬಿಸಿಲು ಇಳಿಯತೊಡಗಿದ ಹೊತ್ತಿನಲ್ಲಿ, ತಮ್ಮ ಅಂಗಡಿಯೊಳಗೆ ಕುಳಿತು ಬೋರಮಾಳ ಸರವೊಂದನ್ನು ಪೋಣಿಸುತ್ತಿದ್ದ ವೃದ್ಧ ಪತ್ತಾರರೂ, ಮೊಮ್ಮಗಳಿಗಾಗಿ ಆ ಸರವನ್ನು ಒಯ್ಯಲೆಂದು ಶಹಾಪುರದಿಂದ ಬಸ್ಸಿನಲ್ಲಿ ಬಂದು ಎದುರಿಗೆ ಕುಳಿತಿದ್ದ ನಿವೃತ್ತ ಗಣಿತದ ಮಾಸ್ತರರೂ ಆಡಿಕೊಂಡ ಮಾತುಗಳಿವು. ಅವರಿಬ್ಬರ ಪರಿಚಯ ಹಳೆಯದು. ಒಬ್ಬರ ವಿದ್ಯೆಯ ಮೇಲೆ ಇನ್ನೊಬ್ಬರಿಗೆ ಗೌರವವಿತ್ತು.

ಪತ್ತಾರರು: ಮಾಸ್ತರರೇ, ಸರದ ಕೆಲಸ ಹೇಗೆ ನಡೆದಿದೆಯೆಂದು ತಾವು ನೋಡುತ್ತಿದ್ದೀರೆಂದು ನಾನು ತಿಳಿದಿದ್ದೆ, ತಾವು ನೋಡುತ್ತಿರುವುದು ಆ ಟಪಾಲಿನ ಲಕೋಟೆಯನ್ನು. ಅದರಲ್ಲಿ ಬ್ಯಾಂಕಿನ ಕಾಗದವಲ್ಲದೆ ಬೇರೇನೂ ಇಲ್ಲ.

ಮಾಸ್ತರರು: ಒಳಗಿನದು ನನಗೆ ಬೇಡ, ಪತ್ತಾರರೇ. ನಿಮ್ಮ ವಿಳಾಸದ ಕೊನೆಯಲ್ಲಿ ಅಚ್ಚಾಗಿರುವ ಆರಂಕಿಯ ಸಂಖ್ಯೆಯನ್ನು ನೋಡುತ್ತಿದ್ದೆ: 585224. ಇದು ಸುರಪುರದ ಪಿನ್‌ಕೋಡ್. ನಮ್ಮ ಶಹಾಪುರದ್ದು ಇದಕ್ಕೆ ಒಂದು ಕಡಿಮೆ, 585223, ಯಾದಗಿರಿಯದು 585201. ಐದು ಲಕ್ಷ ಎಂಬತ್ತೈದು ಸಾವಿರದಾಚೆಯ ಈ ಮೂರು ಸಂಖ್ಯೆಗಳನ್ನು ನಾವು ಎಷ್ಟು ಸಾವಿರ ಸಲ ಬರೆದಿದ್ದೇವೆಯೋ! ಆದರೆ ಬರೆದ ಸಂಖ್ಯೆಯನ್ನು ಸಂಖ್ಯೆಯೆಂದು ಎಣಿಸಿ ಒಮ್ಮೆಯಾದರೂ ಅದರ ಒಳಹೊಕ್ಕು ನೋಡಿದವರು ಎಷ್ಟು ಜನ?

ಪತ್ತಾರರು: ಅಂಚೆಯ ಇಲಾಖೆಯವರು ಕೊಟ್ಟ ಗುರುತು ಅದು. ಗುರುತಿನೊಳಗೆ ಹೊಕ್ಕು ನೋಡುವುದೇನಿದೆ?

ಮಾಸ್ತರರು: ಕೊಟ್ಟವರು ಗುರುತೆಂದೇ ಕೊಟ್ಟರು, ನಿಜ. 1972ರ ಆಗಸ್ಟ್ 15ರಂದು ಈ ಪದ್ಧತಿ ನಮ್ಮ ದೇಶದಲ್ಲಿ ಜಾರಿಗೆ ಬಂದಿತು. ಶ್ರೀರಾಮ ಭಿಕಾಜಿ ವೇಲಣಕರರೆಂಬ ಅಧಿಕಾರಿಗಳು, ಸಂಸ್ಕೃತ ಕವಿಯೂ ಆಗಿದ್ದವರು, ಇದನ್ನು ರೂಪಿಸಿದರು. ಮೊದಲನೆಯ 5 ದಕ್ಷಿಣದ ಈ ವಲಯಕ್ಕೆ ಸಂದದ್ದು. ಮೊದಲ ಮೂರಂಕಿಗಳಾದ 585 ಕಲಬುರಗಿ, ಬೀದರ, ಯಾದಗಿರಿಗಳ ಈ ಸೀಮೆಗೆಲ್ಲ ಸಾಮಾನ್ಯವಾದದ್ದು. 2009ರ ಡಿಸೆಂಬರ್ 30ರಂದು ಯಾದಗಿರಿ ಬೇರೆ ಜಿಲ್ಲೆಯಾದ ಮೇಲೂ ಆ 585 ಬದಲಾಗಲಿಲ್ಲ. ಆದರೆ ಮನುಷ್ಯನು ಯಾವ ಉದ್ದೇಶದಿಂದ ಒಂದು ಸಂಖ್ಯೆಯನ್ನು ಆರಿಸಿಕೊಂಡನೆಂಬುದು ಬೇರೆ, ಆ ಸಂಖ್ಯೆಯು ತನ್ನಷ್ಟಕ್ಕೆ ತಾನು ಏನಾಗಿದೆಯೆಂಬುದು ಬೇರೆ. ನಿಮ್ಮ ಕೈಗೆ ಬಂದ ಚಿನ್ನವನ್ನು ಯಾರು ಯಾವ ಸಂತೋಷಕ್ಕೋ ಯಾವ ಸಂಕಟಕ್ಕೋ ತಂದರೆಂಬುದು ಅದರ ಒರೆಯನ್ನು ಬದಲಿಸುವುದಿಲ್ಲವಷ್ಟೆ.

ಪತ್ತಾರರು: ಅದು ಸರಿಯಾದ ಮಾತು. ಹಾಗಾದರೆ ಒರೆಗೆ ಹಚ್ಚಿ ತೋರಿಸಿರಿ. ನಾನು ಗುಂಡು ಪೋಣಿಸುತ್ತಲೇ ಕೇಳುತ್ತೇನೆ.

ಮಾಸ್ತರರು: ಆ ಗುಂಡುಗಳಿಂದಲೇ ಆರಂಭಿಸೋಣ. ನಡುವಿನ ಪದಕದಿಂದ ಎಡಕ್ಕೆ ಯಾವ ಕ್ರಮದಲ್ಲಿ ಗುಂಡುಗಳು ಸಣ್ಣವಾಗುತ್ತ ಹೋಗುತ್ತವೆಯೋ ಬಲಕ್ಕೂ ಅದೇ ಕ್ರಮದಲ್ಲಿ ಸಣ್ಣವಾಗುತ್ತ ಹೋಗಬೇಕೆಂದಲ್ಲವೆ ನೀವು ಒಂದೊಂದನ್ನೂ ತೂಗಿ ನೋಡಿ ಪೋಣಿಸುತ್ತಿರುವುದು? ನಮ್ಮ ಸೀಮೆಯ 585ನ್ನು ನೋಡಿರಿ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ. ಅಲಂಕಾರಶಾಸ್ತ್ರದವರು ಇಂತಹ ರಚನೆಗೆ ಗತಪ್ರತ್ಯಾಗತವೆಂದು ಹೆಸರಿಟ್ಟರು. ನೀವು ದಿನವೂ ಮುಟ್ಟುವ ‘ಕನಕ’ ಎಂಬ ಶಬ್ದವೇ ಅಂತಹುದು.

ಪತ್ತಾರರು: ಕ, ನ, ಕ. ಐವತ್ತು ವರ್ಷ ಅದರಲ್ಲಿಯೇ ಬದುಕಿದೆ, ಈ ಮಾತು ಹೊಳೆಯಲಿಲ್ಲ.

ಮಾಸ್ತರರು: ಸಂಖ್ಯೆಗಳಲ್ಲಿ ಈ ಗುಣವನ್ನು ಕಂಡು, ಅದಕ್ಕೆ ನಿಮ್ಮ ಕಸುಬಿನಿಂದಲೇ ಹೆಸರನ್ನು ಎರವಲು ಪಡೆದ ಪುರುಷನೊಬ್ಬನು ಇಲ್ಲಿಯೇ, ಈ ಸೀಮೆಯ ಅರಸನ ಆಶ್ರಯದಲ್ಲಿದ್ದನು. ಯಾದಗಿರಿಯಿಂದ ಉತ್ತರಕ್ಕೆ, ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿದೆಯಲ್ಲ, ಅದು ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ, ಸುಮಾರು 850ರ ವೇಳೆಗೆ, ಮಹಾವೀರಾಚಾರ್ಯನೆಂಬ ಜೈನ ಪಂಡಿತನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದೇ ಅರಸನ ಆಸ್ಥಾನದಲ್ಲಿ ಕನ್ನಡಕ್ಕೆ ‘ಕವಿರಾಜಮಾರ್ಗ’ವೂ ದೊರೆತದ್ದನ್ನು ನಾವು ಆಗಾಗ ಸ್ಮರಿಸುತ್ತೇವೆ, ಮಹಾವೀರನನ್ನು ಸ್ಮರಿಸುವುದು ಅಪರೂಪ. ಚರಾಚರವಾದ ಮೂರು ಲೋಕಗಳಲ್ಲಿ ಗಣಿತವನ್ನು ಬಿಟ್ಟು ಇರುವಂತಹುದು ಯಾವುದೂ ಇಲ್ಲವೆಂಬ ಭಾವವನ್ನು ಗ್ರಂಥದ ಆರಂಭದಲ್ಲಿಯೇ ಹೇಳಿದ ಆತನು, ಗುಣಾಕಾರದ ಪ್ರಕರಣಕ್ಕೆ ಬಂದಾಗ ಶಿಷ್ಯರಿಗೆ ಕೆಲವು ವಿಶಿಷ್ಟವಾದ ಲೆಕ್ಕಗಳನ್ನು ಕೊಡುತ್ತಾನೆ. ಅವುಗಳ ಉತ್ತರಗಳು ಗತಪ್ರತ್ಯಾಗತವಾದ ಸಂಖ್ಯೆಗಳು. ಅಂತಹವನ್ನು ಆತನು ಅರಸರ ಕಂಠಾಭರಣಕ್ಕೆ ಹೋಲಿಸುತ್ತಾನೆ.

ಪತ್ತಾರರು: ಕಂಠಾಭರಣ! ಒಂದನ್ನು ಹೇಳಿರಿ.

ಮಾಸ್ತರರು: 139ನ್ನು 109ರಿಂದ ಗುಣಿಸಿದರೆ 15151. ಇದು ಸಣ್ಣದು. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು: 11111111. 142857143ನ್ನು 7ರಿಂದ ಗುಣಿಸಿದರೆ ಎರಡು ತುದಿಗಳಲ್ಲಿ ಒಂದೊಂದು, ನಡುವೆ ಎಂಟು ಸೊನ್ನೆ. ಆದರೆ ನನಗೆ ಅತ್ಯಂತ ಪ್ರಿಯವಾದದ್ದು 27994681ನ್ನು 441ರಿಂದ ಗುಣಿಸಿದಾಗ ಬರುವುದು. ಹಲಗೆಯ ಮೇಲೆ ಬರೆಯುತ್ತೇನೆ, ನೋಡಿರಿ: 12345654321.

ಪತ್ತಾರರು: ಒಂದರಿಂದ ಆರರವರೆಗೆ ಏರಿ, ಆರರಿಂದ ಒಂದಕ್ಕೆ ಇಳಿಯಿತು. ಆರು ಎಂಬುದು ಪದಕ. ಇದನ್ನು ಬಾಯಲ್ಲಿ ಹೇಗೆ ಹೇಳುವುದು?

ಮಾಸ್ತರರು: ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಮಹಾವೀರನಿಗೆ ಇದು ದೊಡ್ಡ ಸಂಖ್ಯೆಯೇನೂ ಅಲ್ಲ. ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಹೇಳುವ ಆತನ ಪಟ್ಟಿಯಲ್ಲಿ ಈ ಸಂಖ್ಯೆಯ ಮೊದಲ ಒಂದು ಹನ್ನೊಂದನೆಯದಾದ ಅರ್ಬುದ ಸ್ಥಾನದಲ್ಲಿ ನಿಲ್ಲುತ್ತದೆ, ಅಷ್ಟೆ. ಇನ್ನೊಂದು ಸೊಗಸನ್ನು ಗಮನಿಸಿರಿ. ಆ ಕಾಲದ ಶಾಸ್ತ್ರಕಾರರು ಅಂಕಗಳನ್ನು ಪದ್ಯದಲ್ಲಿ ಹೇಳುವಾಗ ಚಂದ್ರನೆಂದರೆ ಒಂದು, ನೇತ್ರವೆಂದರೆ ಎರಡು, ಅಗ್ನಿಯೆಂದರೆ ಮೂರು, ವೇದವೆಂದರೆ ನಾಲ್ಕು, ಬಾಣವೆಂದರೆ ಐದು, ಋತುವೆಂದರೆ ಆರು ಎಂದು ಸಂಕೇತಿಸುತ್ತ, ಏಕಸ್ಥಾನದಿಂದ ಮೊದಲುಮಾಡಿ ಎಡಕ್ಕೆ ಎಡಕ್ಕೆ ನಡೆಯುತ್ತಿದ್ದರು. ಕೇಳುವವನು ದಿಕ್ಕು ತಪ್ಪಿ ಬಲಕ್ಕೆ ಬರೆದುಕೊಂಡು ಹೋದರೆ ಸಂಖ್ಯೆಯೇ ಬೇರೆಯಾಗುತ್ತಿತ್ತು. ಕಂಠಾಭರಣದ ಸಂಖ್ಯೆಗೆ ಮಾತ್ರ ಆ ಭಯವಿಲ್ಲ. ಗುಣಾಕಾರದಲ್ಲಿ ಶಿಷ್ಯನು ಎಲ್ಲಿಯಾದರೂ ಎಡವಿದನೆಂದರೆ ಮಾಲೆ ಕೆಡುತ್ತದೆ. ಎಡವಲಿಲ್ಲವೆಂದರೆ ಉತ್ತರವು ತಾನೇ ತನ್ನ ಶುದ್ಧಿಯನ್ನು ಸಾರುತ್ತದೆ. ಗುರುವಿನ ಬಳಿಗೆ ಓಡಿಹೋಗಿ ಸರಿಯೆ ತಪ್ಪೆ ಎಂದು ಕೇಳುವ ಅಗತ್ಯವಿಲ್ಲದಂತೆ ಲೆಕ್ಕವನ್ನು ಕಟ್ಟಿಕೊಟ್ಟ ಆ ಆಚಾರ್ಯನ ವಾತ್ಸಲ್ಯವನ್ನು ನೆನೆದಾಗಲೆಲ್ಲ, ಮೂವತ್ತೈದು ವರ್ಷ ಪಾಠ ಹೇಳಿದ ನನ್ನ ಕಣ್ಣು ತೇವವಾಗುತ್ತದೆ.

ಪತ್ತಾರರು: ಆದರೆ ಈ ಎರಡು ತುಂಡುಗಳು, 27994681 ಮತ್ತು 441, ಇವು ಎಲ್ಲಿಂದ ಬಂದವು? ನೋಡಲಿಕ್ಕೆ ಇವುಗಳಲ್ಲಿ ಮಾಲೆಯ ಸುಳಿವೇ ಇಲ್ಲ. 441 ಒಂದು ಹಾಗಿರಲಿ, ಆ ದೊಡ್ಡದು ನೋಡಿದರೆ ಮುರುಕು ಚಿನ್ನದ ಹಾಗಿದೆ.

ಮಾಸ್ತರರು: ಮುರುಕೇ ಹೌದು, ಆತನು ಪೂರ್ಣವಾದ ಒಡವೆಯನ್ನು ಕರಗಿಸಿ, ಬೇರೆ ಅಚ್ಚಿನಲ್ಲಿ ಎರಡು ಗಟ್ಟಿಗಳಾಗಿ ಎರಕಹೊಯ್ದು ಶಿಷ್ಯನ ಕೈಗೆ ಕೊಟ್ಟಿದ್ದಾನೆ. ಆರು ಒಂದುಗಳ 111111ನ್ನು ಅದರಿಂದಲೇ ಗುಣಿಸಿದರೆ ಈ ಮಾಲೆ ಬರುತ್ತದೆ. ಒಂದು ಸಾಲಿನ ಕೆಳಗೆ ಒಂದನ್ನು ಒಂದೊಂದು ಮನೆ ಸರಿಸಿ ಬರೆದು ಕೂಡಿಸಿದರೆ ಏರುವ ಇಳಿಯುವ ಮೆಟ್ಟಿಲುಗಳು ತಾವಾಗಿ ಏಳುತ್ತವೆ. ಇನ್ನು ಆ 111111ನ್ನೇ ಮೂಸೆಗಿಟ್ಟು ಕರಗಿಸಿದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳು ತಳದಲ್ಲಿ ಉಳಿಯುತ್ತವೆ. ಅವುಗಳನ್ನು ಒಂದರಿಂದೊಂದು ಗುಣಿಸಿದರೆ 111111. ಮಾಲೆಯಲ್ಲಿ ಈ ಐದೂ ಎರಡೆರಡು ಸಲ ಇವೆ. ಮೂರು ಏಳಲೆ ಇಪ್ಪತ್ತೊಂದು, ಅದರ ವರ್ಗ 441. ಉಳಿದ 11, 13, 37ರ ಗುಣಲಬ್ಧ 5291, ಅದರ ವರ್ಗ 27994681. ಮುಖದ ಮೇಲೆ ಕಾಣದ ಮಾಲೆ ಲೋಹದಲ್ಲಿ ಇತ್ತು.

ಪತ್ತಾರರು: ಹಾಗಾದರೆ ಏಳು ಒಂದುಗಳನ್ನಿಟ್ಟರೆ ಏಳರವರೆಗೆ ಏರುವ ಮಾಲೆ, ಎಂಟಿಟ್ಟರೆ ಎಂಟರವರೆಗೆ, ಎಲ್ಲಿಯವರೆಗೆ?

ಮಾಸ್ತರರು: ಒಂಬತ್ತರವರೆಗೆ. 12345678987654321 ಕೊನೆಯ ಮಾಲೆ. ಹತ್ತು ಒಂದುಗಳ ವರ್ಗವನ್ನು ತೆಗೆದರೆ ನಡುವಿನ ಮನೆಯಲ್ಲಿ ಹತ್ತು ನಿಲ್ಲಲಾರದೆ ಒಂದು ಎಡಕ್ಕೆ ದಾಟುತ್ತದೆ. 1234567900987654321 ಎಂದು ಪದಕವೇ ಕಳಚಿಬೀಳುತ್ತದೆ. ಆದುದರಿಂದ ನಾನು ಒಂದು ಭೇದವನ್ನು ಮಾಡಬೇಕಾಗಿದೆ, ಪತ್ತಾರರೇ. ಮಾಲೆಯ ಚೆಲುವು ನಾವು ಹತ್ತರ ಗುಂಪುಗಳಲ್ಲಿ ಬರೆಯುತ್ತೇವೆಂಬುದರಿಂದ ಬಂದ ಚೆಲುವು. ಬರವಣಿಗೆಯನ್ನು ಬದಲಿಸಿದರೆ ಅದು ಉಳಿಯಲಿಕ್ಕಿಲ್ಲ. ಅವಿಭಾಜ್ಯಗಳು ಹಾಗಲ್ಲ, ಯಾವ ಲಿಪಿಯಲ್ಲಿ, ಯಾವ ಗುಂಪಿನಲ್ಲಿ, ಯಾವ ಲೋಕದಲ್ಲಿ ಬರೆದರೂ ಅವು ಸಂಖ್ಯೆಯನ್ನು ಬಿಟ್ಟುಹೋಗವು.

ಪತ್ತಾರರು: ಅವಿಭಾಜ್ಯವೆಂಬುದನ್ನು ನನಗೆ ತಿಳಿಯುವ ಹಾಗೆ ಹೇಳಿರಿ.

ಮಾಸ್ತರರು: ಶಹಾಪುರದ ಸಮೀಪದ ವಿಭೂತಿಹಳ್ಳಿಯನ್ನು ನೀವು ಕಂಡಿದ್ದೀರಿ. ಬೃಹತ್ ಶಿಲಾಯುಗದ ಜನರು ಬಯಲಿನಲ್ಲಿ ಗುಂಡುಗಲ್ಲುಗಳನ್ನು ಸಾಲುಸಾಲಾಗಿ ಇಟ್ಟುಹೋದ ಜಾಗ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನು ಅದನ್ನು ಕಂಡು ಬರೆದನು. ಅವರು ಯಾವ ಉದ್ದೇಶಕ್ಕೆ ಇಟ್ಟರೋ ಇರಲಿ; ನನಗೆ ಆ ಬಯಲಿನಲ್ಲಿ ನಿಂತಾಗಲೆಲ್ಲ ಗುಣಾಕಾರವೇ ಕಣ್ಣಿಗೆ ಕಟ್ಟುತ್ತದೆ. ಹನ್ನೆರಡು ಕಲ್ಲುಗಳಿದ್ದರೆ ಮೂರು ಸಾಲಿನಲ್ಲಿ ನಾಲ್ಕುನಾಲ್ಕಾಗಿ, ಎರಡು ಸಾಲಿನಲ್ಲಿ ಆರಾರಾಗಿ ಸಮನಾಗಿ ಇಡಬಹುದು. ಹದಿಮೂರಿದ್ದರೆ? ಒಂದೇ ಉದ್ದನೆಯ ಸಾಲು, ಬೇರೆ ಗತಿಯಿಲ್ಲ. ಆ ಹದಿಮೂರು ಅವಿಭಾಜ್ಯ. ಈಗ ನಮ್ಮ ಊರುಗಳ ಸಂಖ್ಯೆಗಳಷ್ಟು ಕಲ್ಲುಗಳನ್ನು ಆ ಬಯಲಿನಲ್ಲಿ ರಾಶಿಹಾಕಿದ್ದಾರೆಂದು ಭಾವಿಸಿರಿ. ಯಾದಗಿರಿಯ 585201ರ ಅಂಕಗಳನ್ನು ಕೂಡಿಸಿದರೆ 21. ಆದುದರಿಂದ ಮೂರರ ಒರೆಗೆ ಅದು ಹೊಂದಿತು. ಉಳಿದ 195067 ಬಹಳ ಹೊತ್ತು ಯಾವುದಕ್ಕೂ ಬಗ್ಗದೆ, ಕೊನೆಗೆ 97ಕ್ಕೆ ಒಡೆಯಿತು: 3, 97, 2011. ನಮ್ಮ ಶಹಾಪುರದ್ದು ಇನ್ನೂ ಹಟದ್ದು. ಎರಡರಿಂದ ಮೊದಲುಮಾಡಿ ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಮೂರು ಸಂಜೆ ಕುಳಿತೆ. ನೂರಾಯಿತು, ಇನ್ನೂರಾಯಿತು, ಐನೂರಾಯಿತು. ಇದು ಅವಿಭಾಜ್ಯವೇ ಸರಿಯೆಂದು ಕೈಬಿಡುವ ಹೊತ್ತಿಗೆ 599ಕ್ಕೆ ಶೇಷವಿಲ್ಲದೆ ಬಿತ್ತು. 599ನ್ನು 977ರಿಂದ ಗುಣಿಸಿದರೆ ಶಹಾಪುರ. ಅಷ್ಟು ಕಲ್ಲುಗಳನ್ನು ಆಯತವಾಗಿ ಜೋಡಿಸಲು ಇರುವ ಕ್ರಮ ಅದೊಂದೇ.

ಪತ್ತಾರರು: ಮತ್ತೆ ನಮ್ಮದು?

ಮಾಸ್ತರರು: ನಿಮ್ಮದನ್ನು ಒಡೆದ ಮೇಲಲ್ಲವೆ ನನಗೆ ನಿದ್ದೆ ಬಾರದೆ ಹೋದದ್ದು! 585224 ಮೂರು ಸಲ ಅರ್ಧಕ್ಕೆ ಅರ್ಧ ಮಾಡಿಸಿಕೊಳ್ಳುತ್ತದೆ. ಅಂದರೆ ಅದರಲ್ಲಿ ಒಂದು 8 ಇದೆ. ಉಳಿಯುವುದು 73153. ಅದು 191 ಮತ್ತು 383ರ ಗುಣಲಬ್ಧ; ಎರಡೂ ಅವಿಭಾಜ್ಯಗಳು. ಬರೆದು ನೋಡಿರಿ.

ಪತ್ತಾರರು: 191, 383. ಎರಡೂ ಮಾಲೆಗಳೇ!

ಮಾಸ್ತರರು: ಎರಡೂ ಗತಪ್ರತ್ಯಾಗತಗಳು. ಸೀಮೆಯ 585 ಹೊರಗೆ ಮಾಲೆ, ಊರಿನ ಸಂಖ್ಯೆಯ ಒಡಲೊಳಗೆ ಮತ್ತೆರಡು ಮಾಲೆ. ಮಹಾವೀರನು ಕಂಡಿದ್ದರೆ ಕೈಯಾರೆ ಎತ್ತಿಕೊಳ್ಳುತ್ತಿದ್ದನು. ಆದರೆ ಈಗತಾನೆ ನಾನು ಮಾಡಿದ ಭೇದವನ್ನು ಮರೆಯಬಾರದು. ಈ ಮಾಲೆಗಳೂ ಹತ್ತರ ಬರವಣಿಗೆಯ ಚೆಲುವೇ. ನೀವು ಹತ್ತರಿಂದ ಎಣಿಸುವವರಲ್ಲ. ತೊಲ, ಮಾಸಿ, ಗುಂಜಿಗಳಲ್ಲಿ ಎಣಿಸಿ ಬೆಳೆದವರು. ನಿಮ್ಮ ರೀತಿಯಲ್ಲಿ 191 ಗುಂಜಿಯನ್ನು ಹೇಳಿರಿ; ಮಾಲೆ ಉಳಿಯುತ್ತದೆಯೋ ನೋಡೋಣ.

ಪತ್ತಾರರು: ಎಂಟು ಗುಂಜಿಗೆ ಒಂದು ಮಾಸಿ, ಹನ್ನೆರಡು ಮಾಸಿಗೆ ಒಂದು ತೊಲ; ತೊಲಕ್ಕೆ ತೊಂಬತ್ತಾರು ಗುಂಜಿ. 191 ಗುಂಜಿಯೆಂದರೆ ಒಂದು ತೊಲ, ಹನ್ನೊಂದು ಮಾಸಿ, ಏಳು ಗುಂಜಿ. ಇಲ್ಲ, ಮಾಲೆ ಉಳಿಯಲಿಲ್ಲ. ಆದರೆ ಯಾವ ಪತ್ತಾರನೂ ಇದನ್ನು ಹೀಗೆ ಹೇಳುವುದಿಲ್ಲ, ಮಾಸ್ತರರೇ. ತಕ್ಕಡಿಯಲ್ಲಿ ಇದು ಬಂದರೆ ನಾವು ಅನ್ನುವುದು: ಎರಡು ತೊಲಕ್ಕೆ ಒಂದು ಗುಂಜಿ ಕಡಿಮೆ.

ಮಾಸ್ತರರು: ಏನೆಂದಿರಿ?

ಪತ್ತಾರರು: ಎರಡು ತೊಲಕ್ಕೆ 192 ಗುಂಜಿ. ಇದು 191. ಒಂದು ಗುಂಜಿ ಕಡಿಮೆ. ಇನ್ನು ಆ 383. ನಾಲ್ಕು ತೊಲಕ್ಕೆ 384. ಅದೂ ಒಂದು ಗುಂಜಿ ಕಡಿಮೆ.

ಮಾಸ್ತರರು: ಪತ್ತಾರರೇ, ನಾನು ಯಾವುದನ್ನು ಕೊನೆಗೆ ನಿಧಾನವಾಗಿ ಬಿಡಿಸಿ ಹೇಳಬೇಕೆಂದಿದ್ದೆನೋ ಅದನ್ನು ನೀವು ತಕ್ಕಡಿಯ ಮಾತಿನಲ್ಲಿ ಒಂದೇ ಉಸಿರಿಗೆ ಹೇಳಿಬಿಟ್ಟಿರಿ. ಮೂರನ್ನು ಎರಡರಿಂದ ಮತ್ತೆ ಮತ್ತೆ ಗುಣಿಸಿ ಒಂದನ್ನು ಕಳೆಯಬೇಕೆಂದು ನಾನು ಪುಸ್ತಕದಲ್ಲಿ ಓದಿದ್ದೆ. ಮೂರನ್ನು ಐದು ಸಲ ಇಮ್ಮಡಿಸಿದರೆ ಬರುವ 96 ನಿಮ್ಮ ತೊಲವೇ ಎಂಬುದು ನನಗೆ ಇಂದಿನವರೆಗೆ ಹೊಳೆದಿರಲಿಲ್ಲ. ಕೇಳಿರಿ. ಮಹಾವೀರನು ಕಂಠಾಭರಣಗಳನ್ನು ಕಟ್ಟಿದ ಅದೇ ಒಂಬತ್ತನೆಯ ಶತಮಾನದಲ್ಲಿ, ಕಡಲಿನಾಚೆಯ ಬಾಗದಾದಿನಲ್ಲಿ ಸಾಬಿತ್ ಇಬ್ನ್ ಕುರ್ರಾ ಎಂಬ ವಿದ್ವಾಂಸನಿದ್ದನು. 851ರ ಅರಬ್ಬೀ ವೃತ್ತಾಂತವೊಂದು ನಮ್ಮ ರಾಷ್ಟ್ರಕೂಟ ಅರಸನನ್ನು, ವಲ್ಲಭರಾಜನೆಂಬ ಬಿರುದನ್ನು ‘ಬಲ್ಹರಾ’ ಎಂದು ಉಚ್ಚರಿಸಿ, ಬಾಗದಾದಿನ ಖಲೀಫನ, ಚೀಣದ ಮತ್ತು ರೂಮಿನ ಚಕ್ರವರ್ತಿಗಳ ಜೊತೆಗೆ ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸುತ್ತದೆ. ಆ ಎರಡು ರಾಜಧಾನಿಗಳ ಕೀರ್ತಿ ಒಂದಕ್ಕೊಂದು ಮುಟ್ಟಿತ್ತು. ಆ ಇಬ್ಬರು ಗಣಿತಜ್ಞರಾದರೋ ತಮ್ಮ ತಮ್ಮ ಸಂಖ್ಯೆಗಳೊಡನೆ ಪ್ರತ್ಯೇಕವಾಗಿ ಕುಳಿತಿದ್ದರು. ಸಾಬಿತನು ಹುಡುಕಿದ್ದು ಸ್ನೇಹಸಂಖ್ಯೆಗಳನ್ನು.

ಪತ್ತಾರರು: ಸಂಖ್ಯೆಗಳಲ್ಲಿ ಸ್ನೇಹವೆಂದರೆ?

ಮಾಸ್ತರರು: 220ನ್ನು ತೆಗೆದುಕೊಳ್ಳಿರಿ. ಅದನ್ನು ನಿಶ್ಶೇಷವಾಗಿ ಭಾಗಿಸುವ, ಅದಕ್ಕಿಂತ ಚಿಕ್ಕವಾದ ಸಂಖ್ಯೆಗಳು 1, 2, 4, 5, 10, 11, 20, 22, 44, 55, 110. ಇವನ್ನು ಕೂಡಿಸಿದರೆ 284. ಈಗ 284ನ್ನು ಭಾಗಿಸುವವು 1, 2, 4, 71, 142, ಕೂಡಿಸಿದರೆ 220. ಒಂದರ ಅಂಶಗಳೆಲ್ಲ ಒಟ್ಟುಗೂಡಿದರೆ ಇನ್ನೊಂದು, ಆ ಇನ್ನೊಂದರ ಅಂಶಗಳು ಒಟ್ಟುಗೂಡಿದರೆ ಮೊದಲಿನದು. ಈ ಜೋಡಿ ಪ್ರಾಚೀನ ಗ್ರೀಕರಿಗೂ ಗೊತ್ತಿತ್ತು. ಇಂತಹ ಜೋಡಿಗಳನ್ನು ಎರಕಹೊಯ್ಯುವ ವಿಧಾನವನ್ನು ಸಾಬಿತನು ಕಂಡುಹಿಡಿದನು. ನಿಮ್ಮ ಮಾತಿನಲ್ಲಿಯೇ ಹೇಳುತ್ತೇನೆ. ಮೂರನ್ನು ಇಮ್ಮಡಿಸುತ್ತ ಬಂದ ಒಂದು ತೂಕಕ್ಕೆ ಒಂದು ಗುಂಜಿ ಕಡಿಮೆ, ಅದರ ಇಮ್ಮಡಿ ತೂಕಕ್ಕೆ ಒಂದು ಗುಂಜಿ ಕಡಿಮೆ, ಆ ಎರಡು ಪೂರ್ಣ ತೂಕಗಳ ಗುಣಲಬ್ಧಕ್ಕೆ ಒಂದು ಗುಂಜಿ ಕಡಿಮೆ. ಈ ಮೂರೂ ಅವಿಭಾಜ್ಯಗಳಾಗಿ ಒದಗಿದರೆ ಜೋಡಿ ಸಿಕ್ಕಿತು. 6ಕ್ಕೆ ಒಂದು ಕಡಿಮೆ 5, 12ಕ್ಕೆ ಒಂದು ಕಡಿಮೆ 11, ಆರು ಹನ್ನೆರಡಲೆ 72ಕ್ಕೆ ಒಂದು ಕಡಿಮೆ 71. ಮೊದಲಿನ ಎರಡನ್ನು ಗುಣಿಸಿ ನಾಲ್ಕು ಮಡಿ ಮಾಡಿದರೆ 220; ಮೂರನೆಯದನ್ನು ನಾಲ್ಕು ಮಡಿ ಮಾಡಿದರೆ 284. ಕಾಲು ತೊಲಕ್ಕೆ ಒಂದು ಗುಂಜಿ ಕಡಿಮೆ 23, ಅರ್ಧ ತೊಲಕ್ಕೆ ಒಂದು ಗುಂಜಿ ಕಡಿಮೆ 47, ಹನ್ನೆರಡು ತೊಲಕ್ಕೆ ಒಂದು ಗುಂಜಿ ಕಡಿಮೆ 1151. ಹದಿನಾರು ಮಡಿ ಮಾಡಿದರೆ ಎರಡನೆಯ ಜೋಡಿ, 17296 ಮತ್ತು 18416. ಮೂರನೆಯದು ಯಾವುದೆಂದು ನೀವೇ ಹೇಳಬಲ್ಲಿರಿ.

ಪತ್ತಾರರು: ಎರಡು ತೊಲಕ್ಕೆ ಒಂದು ಗುಂಜಿ ಕಡಿಮೆ 191, ನಾಲ್ಕು ತೊಲಕ್ಕೆ ಒಂದು ಗುಂಜಿ ಕಡಿಮೆ 383. ಇವು ನಮ್ಮ ಊರಿನವು!

ಮಾಸ್ತರರು: ನಿಮ್ಮ ಊರಿನವೇ. 192ನ್ನು 384ರಿಂದ ಗುಣಿಸಿದರೆ 73728. ಅದಕ್ಕೆ ಒಂದು ಕಡಿಮೆ 73727. ಇಲ್ಲಿ ಮಾಡಬೇಕಾದದ್ದು ನೂರಿಪ್ಪತ್ತೆಂಟು ಮಡಿ. ಸುರಪುರದ ಸಂಖ್ಯೆಯಲ್ಲಿ ಎಂಟು ಮಡಿ ಮೊದಲೇ ಇದೆ. ಇನ್ನು ಬೇಕಾದದ್ದು ಹದಿನಾರು.

ಪತ್ತಾರರು: ಹದಿನಾರಾಣೆ.

ಮಾಸ್ತರರು: ಹದಿನಾರಾಣೆ, ಒಂದು ರೂಪಾಯಿ. 585224ನ್ನು ಹದಿನಾರರಿಂದ ಗುಣಿಸಿದರೆ 93,63,584. ಅದರ ಗೆಳೆಯನು 73727ರ ನೂರಿಪ್ಪತ್ತೆಂಟು ಮಡಿ, 94,37,056. ಮೊದಲನೆಯದಕ್ಕೆ ತನ್ನನ್ನು ಬಿಟ್ಟು ಮೂವತ್ತೊಂದು ಭಾಜಕಗಳು, ಅವುಗಳ ಮೊತ್ತ ಎರಡನೆಯದು. ಎರಡನೆಯದಕ್ಕೆ ಹದಿನೈದೇ ಭಾಜಕಗಳು, ಅವುಗಳ ಮೊತ್ತ ಮೊದಲನೆಯದು. ಯೂರೋಪಿನಲ್ಲಿ 1638ರಲ್ಲಿ ದೆಕಾರ್ತನು ಈ ಜೋಡಿಯನ್ನು ಪತ್ರವೊಂದರಲ್ಲಿ ಬರೆದನು. ಪಾರಸಿಕ ದೇಶದ ಮುಹಮ್ಮದ್ ಬಾಕಿರ್ ಯಜ್ದಿಯೂ ಅದೇ ಶತಮಾನದಲ್ಲಿ ಇದನ್ನು ಕಂಡುಕೊಂಡಿದ್ದನು. ಮುಂದೆ ಆಯ್ಲರನು ಬೇರೆ ದಾರಿಗಳಿಂದ ಹತ್ತಾರು ಸ್ನೇಹಸಂಖ್ಯೆಗಳನ್ನು ಹಿಡಿದು ತಂದನು. ಆದರೆ ಸಾಬಿತನ ಅಚ್ಚಿನಲ್ಲಿ ಒಡಮೂಡಿದ ಜೋಡಿಗಳು ಈ ಮೂರೇ. ಗಣಕಯಂತ್ರಗಳನ್ನಿಟ್ಟು ಬಹುದೂರದವರೆಗೆ ಹುಡುಕಿದರೂ ನಾಲ್ಕನೆಯದು ಇಂದಿಗೂ ಸಿಕ್ಕಿಲ್ಲ.

ಪತ್ತಾರರು: ಒಂದು ಸಂದೇಹ. ನಮ್ಮ ವೃತ್ತಿಯಲ್ಲಿ ಒಂದು ಗುಂಜಿ ಕಡಿಮೆಯೆಂಬುದು ತಲೆತಗ್ಗಿಸುವ ಮಾತು. ನಮ್ಮ ತಂದೆ ಮುಂಜಾನೆ ತಕ್ಕಡಿಗೆ ಕೈಮುಗಿದು, ಕಡಿಮೆ ಬಾರದಿರಲೆಂದು ಬೇಡಿಕೊಂಡು ಕೂಡುತ್ತಿದ್ದರು. ಕಡಿಮೆಯಾದ ತೂಕಗಳಿಂದ ಸ್ನೇಹ ಹೇಗೆ ಹುಟ್ಟೀತು?

ಮಾಸ್ತರರು: ಇದಕ್ಕೆ ಉತ್ತರವೇ ಇಡೀ ರಹಸ್ಯ. 191 ಅವಿಭಾಜ್ಯ; ಅದರ ಭಾಜಕಗಳು ಎರಡೇ, 1 ಮತ್ತು 191. ಕೂಡಿಸಿದರೆ 192, ಕಡಿಮೆಯಾಗಿದ್ದ ಗುಂಜಿಯನ್ನು ಆ 1 ತಂದು ತುಂಬಿತು, ಎರಡು ತೊಲ ಪೂರ್ಣವಾಯಿತು. 383ರ ಭಾಜಕಗಳ ಮೊತ್ತ 384, ನಾಲ್ಕು ತೊಲ ಪೂರ್ಣ. 73727ರ ಭಾಜಕಗಳ ಮೊತ್ತ 73728. ಎರಡು ತೊಲವನ್ನೂ ನಾಲ್ಕು ತೊಲವನ್ನೂ ಗುಣಿಸಿದರೆ ಬರುವುದೂ ಅದೇ 73728 ಅಲ್ಲವೆ? ನೂರಿಪ್ಪತ್ತೆಂಟರ ಭಾಜಕಗಳ ಮೊತ್ತ 255 ಇಬ್ಬರಿಗೂ ಸಮಾನ. ಆದುದರಿಂದ ಎರಡು ಸಂಖ್ಯೆಗಳ ಸಮಸ್ತ ಭಾಜಕಗಳ ಮೊತ್ತವೂ ಒಂದೇ, 1,88,00,640. ಆ ಮೊತ್ತವಾದರೋ ಈ ಇಬ್ಬರು ಗೆಳೆಯರನ್ನು ಕೂಡಿಸಿದಷ್ಟೇ ಆಗಿದೆ. ಅದರಲ್ಲಿ ಒಬ್ಬನನ್ನು ಕಳೆದರೆ ಇನ್ನೊಬ್ಬನು ಉಳಿಯದೆ ಎಲ್ಲಿಗೆ ಹೋದಾನು? ಗುಂಜಿ ಕಳೆದುಹೋಗಿರಲಿಲ್ಲ, ಎಣಿಕೆಯಲ್ಲಿ ಮರಳಿ ಬರಲೆಂದು ಕಾದಿತ್ತು.

ಪತ್ತಾರರು: ಸುರಪುರದಲ್ಲಿ ಸ್ನೇಹದ ಮಾತು ಬಂದರೆ ನಮಗೆ ಟೇಲರ್ ಸಾಹೇಬರೂ ನಮ್ಮ ರಾಜಾ ವೆಂಕಟಪ್ಪ ನಾಯಕರೂ ನೆನಪಾಗುತ್ತಾರೆ. ಗುಡ್ಡದ ಮೇಲೆ ಸಾಹೇಬರ ಬಂಗಲೆ ಈಗಲೂ ನಿಂತಿದೆ.

ಮಾಸ್ತರರು: ನನಗೂ ಅದು ನೆನಪಾಯಿತು, ಆದರೆ ಆ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದಿಲ್ಲ. ಬಾಲಕನಾದ ರಾಜನನ್ನು ಸಾಹೇಬನು ಅಕ್ಕರೆಯಿಂದಲೇ ಬೆಳೆಸಿದನು, ರಾಜನು ಅವನನ್ನು ‘ಅಪ್ಪಾ’ ಎಂದು ಕರೆದನು, ಎರಡೂ ಸತ್ಯ. ಆದರೂ ಒಬ್ಬನು ಆಳುವ ಕಂಪನಿಯ ಕಡೆಯವನು, ಇನ್ನೊಬ್ಬನು ಆಳಿಸಿಕೊಳ್ಳಬೇಕಾದವನು. 1858ರಲ್ಲಿ ರಾಜನು ದಂಗೆಯೆದ್ದು ಸೆರೆಯಾಗಿ, ಆ ವರ್ಷದಲ್ಲಿಯೇ ಎಳೆಯ ಪ್ರಾಯದಲ್ಲಿ ಪ್ರಾಣಬಿಟ್ಟಾಗ ಆ ಅಕ್ಕರೆ ಅವನನ್ನು ಉಳಿಸಲಾರದೆ ಹೋಯಿತು. ತನ್ನ ಅಂಶಗಳನ್ನೆಲ್ಲ ಕೊಟ್ಟು ಇನ್ನೊಬ್ಬನನ್ನು ಪೂರ್ಣನನ್ನಾಗಿ ಮಾಡುವುದು, ಆ ಇನ್ನೊಬ್ಬನೂ ಹಾಗೆಯೇ ಮಾಡುವುದು, ಅಧಿಕಾರದ ಸಮ್ಮುಖದಲ್ಲಿ ಮನುಷ್ಯರಿಗೆ ಎಷ್ಟು ಕಠಿಣವೆಂಬುದನ್ನು ನಿಮ್ಮ ಆ ಗುಡ್ಡವೇ ಬಲ್ಲದು.

ಪತ್ತಾರರು: ಹಾಗಾದರೆ ಈ ಸಂಖ್ಯೆ ನಮ್ಮ ಊರಿಗೆ ಬಂದದ್ದರಲ್ಲಿ ಏನಾದರೂ ಸಂಕೇತವಿದೆಯೆಂದು ತಿಳಿಯಬಹುದೆ? ಹೆಸರಿನ ಅಕ್ಷರ ಎಣಿಸಿ, ಗಾಡಿಯ ನಂಬರು ಕೂಡಿಸಿ ಭವಿಷ್ಯ ಹೇಳುವವರು ಪೇಟೆಯಲ್ಲಿ ಬಹಳ ಮಂದಿ ಇದ್ದಾರೆ.

ಮಾಸ್ತರರು: ಬೇಡ, ಆ ದಾರಿ ಬೇಡ. ಅಂಚೆಯವರು ಕ್ರಮಾಂಕ ಕೊಡುವಾಗ ಸಾಬಿತನನ್ನು ನೆನೆಯಲಿಲ್ಲ. ಒಂದು ಅಂಕ ಹಿಂದೆ ಸರಿದಿದ್ದರೆ ಈ ಸಂಖ್ಯೆ ಶಹಾಪುರದ್ದಾಗುತ್ತಿತ್ತು. ಹಿಂದಿನವರಲ್ಲಿಯೂ ಕೆಲವರು ಸ್ನೇಹಸಂಖ್ಯೆಗಳನ್ನು ತಾಯಿತದಲ್ಲಿ ಬರೆದು ಕಟ್ಟಿಕೊಂಡರು. ಆ ತಾಯಿತಗಳಿಂದ ಸಂಖ್ಯೆಯ ವಿಷಯವಾಗಿ ಯಾರಿಗೂ ಯಾವ ಜ್ಞಾನವೂ ಬರಲಿಲ್ಲ. ನನಗೆ ಆಶ್ಚರ್ಯವಾಗುವುದು ಬೇರೆ ಸಂಗತಿಗೆ. ಯಾರೂ ಇಡದೆ, ಯಾರೂ ಬೇಡದೆ, ಲಕೋಟೆಯ ಮೂಲೆಯಲ್ಲಿ ಅಚ್ಚಾಗುವ ಒಂದು ಸಂಖ್ಯೆಯೊಳಗೆ ಮಾನ್ಯಖೇಟದ ಆಚಾರ್ಯನು ಮೆಚ್ಚುವ ಮಾಲೆಗಳೂ, ಬಾಗದಾದಿನ ಆಚಾರ್ಯನು ಹುಡುಕಿದ ಅವಿಭಾಜ್ಯಗಳೂ ಒಂದೇ ಆಗಿ ಕುಳಿತಿದ್ದವು. ಬಿಡಿಸಿ ನೋಡುವ ತಾಳ್ಮೆಯೊಂದನ್ನು ಬಿಟ್ಟು ಅವು ನಮ್ಮಿಂದ ಬೇರೇನನ್ನೂ ಬಯಸಲಿಲ್ಲ.

ಪತ್ತಾರರು: ಆ ಮಹಾವೀರನ ಪುಸ್ತಕ ಕನ್ನಡದಲ್ಲಿ ಸಿಕ್ಕೀತೆ? ನನ್ನ ಮೊಮ್ಮಗನು ಹೈಸ್ಕೂಲಿನಲ್ಲಿದ್ದಾನೆ.

ಮಾಸ್ತರರು: ಸಿಗುತ್ತದೆ. 1912ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚುಹಾಕಿಸಿದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡಾನುವಾದವು ಹೊಂಬುಜದ ಜೈನಮಠದಿಂದ ಪ್ರಕಟವಾಯಿತು. ಆಂಧ್ರದ ಪಾವುಲೂರಿ ಮಲ್ಲನನು ಹನ್ನೊಂದನೆಯ ಶತಮಾನದಲ್ಲಿಯೇ ಅದನ್ನು ತೆಲುಗಿಗೆ ತಂದುಕೊಂಡಿದ್ದನು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಸ್ವತಂತ್ರವಾಗಿ ಬರೆದನು. ಇಷ್ಟು ಸಂಪತ್ತು ಮನೆಯಲ್ಲಿದ್ದೂ ನಮ್ಮ ಮಕ್ಕಳು ಗಣಿತವು ಎಲ್ಲಿಂದಲೋ ಬಂದ ಪರಕೀಯ ವಿದ್ಯೆಯೆಂದು ಹೆದರುತ್ತ ಕೂಡುವುದನ್ನು ಕಂಡರೆ ನನಗೆ ತುಂಬ ವ್ಯಥೆಯಾಗುತ್ತದೆ. ನಿಮ್ಮ ಮೊಮ್ಮಗನನ್ನು ಭಾನುವಾರ ನನ್ನಲ್ಲಿಗೆ ಕಳುಹಿಸಿರಿ.

ಪತ್ತಾರರು: ಕಳುಹಿಸುತ್ತೇನೆ. ಆದರೆ ತಾವು ಹೇಳಿದ್ದರಲ್ಲಿ ಒಂದನ್ನು ನಾನು ಇನ್ನೂ ಒರೆಗೆ ಹಚ್ಚಿ ನೋಡಿಲ್ಲ. ಆ 73727 ಅವಿಭಾಜ್ಯವೆಂದಿರಿ. ಅದು ಎಲ್ಲಿಯಾದರೂ ಒಡೆದರೆ ಸ್ನೇಹವೇ ಒಡೆಯುತ್ತದಲ್ಲವೆ?

ಮಾಸ್ತರರು: ಒಡೆಯುತ್ತದೆ. ಇದನ್ನು ಕೇಳಿದಿರಲ್ಲ, ಬಹಳ ಸಂತೋಷವಾಯಿತು. 271ರ ವರ್ಗ 73441, 272ರ ವರ್ಗ 73984. ಆದುದರಿಂದ 271ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು, ಅದಕ್ಕೂ ಮುಂದೆ ಹೋಗಬೇಕಾಗಿಲ್ಲ. ಅವು ಒಟ್ಟು ಐವತ್ತೆಂಟು.

ಪತ್ತಾರರು: ಕೊನೆಯ ಬಸ್ಸಿಗೆ ಇನ್ನೂ ಎರಡು ತಾಸು ಇದೆ. ಸರ ಮುಗಿಯಿತು, ಇಕೊಳ್ಳಿರಿ, ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಹಲಗೆಯನ್ನು ಈ ಕಡೆ ಸರಿಸಿರಿ. ಎರಡಕ್ಕೆ ಒಂದು ಉಳಿಯಿತು. ಮೂರು?

ಮಾಸ್ತರರು: ಅಂಕಗಳ ಮೊತ್ತ 26, ಎರಡು ಉಳಿಯುತ್ತದೆ. ಐದಕ್ಕೂ ಎರಡು.

ಪತ್ತಾರರು: ಏಳಕ್ಕೆ ಮೂರು. ಹನ್ನೊಂದಕ್ಕೆ ಐದು. ಹದಿಮೂರಕ್ಕೆ?

ಮಾಸ್ತರರು: ನಾಲ್ಕು. ಹದಿನೇಳನ್ನು ನೀವೇ ಮಾಡಿರಿ. ನಾನು ದೀಪ ಹಚ್ಚುತ್ತೇನೆ.